ಚಿತ್ರದ ಅಂಚಿನಲ್ಲಿ ನಿಂತಿರುವ ಮನುಷ್ಯ

(ಬೆಂಗಳೂರಿನ ಒಂದು ಓದುಗರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅವತ್ತು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಚಿತ್ರಗಳಿಲ್ಲ, ಹಾಗಾಗಿ ಅಲ್ಲಲ್ಲಿ ವಿವರಣೆ ಸ್ವಲ್ಪ ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಚಿತ್ರ ನೋಡಿ. ಮಾತು ಆಮೇಲೆ ಆಡೋಣ.

ದೊಡ್ಡ ಗುಡಾರ ಇದೆ. ಕೆಂಪು ಕೋಟಿನ ಸೈನಿಕ ಅಧಿಕಾರಿಗಳ ಗುಂಪು ಇದೆ. ಆನೆಗಳಿವೆ. ನಡುವೆ ಇಬ್ಬರು ಚಿಕ್ಕ ಹುಡುಗರು. ಅವರನ್ನು ಎದುರುಗೊಳ್ಳುತ್ತಿರುವ ದಪ್ಪ ಮೈಯ, ವಯಸ್ಸಾದ ಮನುಷ್ಯ ಲಾರ್ಡ್ ಕಾರ್ನ್‌ವಾಲಿಸ್. ಹುಡುಗರು ಟಿಪ್ಪು ಸುಲ್ತಾನನ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ದೊಡ್ಡವನಿಗೆ ಸುಮಾರು ಹತ್ತು ವರ್ಷ, ಚಿಕ್ಕವನಿಗೆ ಸುಮಾರು ಎಂಟು. ಇದು 1792ರ ಫೆಬ್ರವರಿ 26, ಜಾಗ ಶ್ರೀರಂಗಪಟ್ಟಣದ ಹೊರಗಿನ ಈಸ್ಟ್ ಇಂಡಿಯಾ ಕಂಪನಿಯ ಪಾಳೆಯ. ಈ ಕಥೆ ನಮಗೆಲ್ಲ ಶಾಲೆಯ ಪಾಠದಿಂದ ಗೊತ್ತು. ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು, ಅದು ತೀರುವವರೆಗೆ ಮಕ್ಕಳು ಒತ್ತೆಯಾಳು.

ಈಗ ಎಡಗಡೆಯ ಅಂಚಿಗೆ ಬನ್ನಿ. ಅಲ್ಲೊಬ್ಬ ನಿಂತಿದ್ದಾನೆ. ಅವನ ಕೈಯಲ್ಲಿ ಕತ್ತಿ ಇಲ್ಲ, ಚಿತ್ರದ ಹಾಳೆಗಳನ್ನು ಇಡುವ ದೊಡ್ಡ ರಟ್ಟಿನ ಚೀಲ ಇದೆ. ಅವನು ಈ ಚಿತ್ರ ಬರೆದವನೇ. ರಾಬರ್ಟ್ ಹೋಮ್ ಅಂತ ಹೆಸರು. ತಾನು ಅಲ್ಲಿದ್ದೆ, ಕಂಡದ್ದನ್ನೇ ಬರೆದೆ ಅಂತ ಹೇಳುವುದಕ್ಕೆ ತನ್ನನ್ನೂ ಚಿತ್ರದೊಳಗೆ ಸೇರಿಸಿಕೊಂಡಿದ್ದಾನೆ.

ಇವತ್ತು ಇವನ ಬಗ್ಗೆ ಮಾತಾಡುತ್ತೇನೆ. ಬ್ರಿಟನ್ನಿನ ಚಿತ್ರಕಾರರು ಅಂದರೆ ಟರ್ನರ್, ಕಾನ್‌ಸ್ಟೇಬಲ್, ಗೇನ್ಸ್‌ಬರೋ ಎಂಬ ಹೆಸರುಗಳು ಬರುತ್ತವೆ. ಹೋಮ್ ಆ ಸಾಲಿನವನಲ್ಲ. ಆದರೆ ಎಂಬತ್ತೆರಡು ವರ್ಷದ ಬದುಕಿನಲ್ಲಿ ಅವನು ಮಾಡಿದ ಕೆಲಸಗಳು ಒಂದೊಂದೂ ಒಂದೊಂದು ಥರ. ಕಾಲೇಜಿನ ಗೋಡೆಗೆ ಭಾವಚಿತ್ರ, ಯುದ್ಧದ ಚಿತ್ರ, ಬೆಟ್ಟ ಕೋಟೆಗಳ ನೋಟ, ಪ್ರಾಣಿ ಪಕ್ಷಿಗಳು, ಕೊನೆಗೆ ಒಬ್ಬ ರಾಜನಿಗೆ ಕಿರೀಟ ಮತ್ತು ದೋಣಿಯ ವಿನ್ಯಾಸ. ನಮ್ಮ ಬೆಂಗಳೂರು, ಸಾವನದುರ್ಗ, ಶಿವಗಂಗೆ 1791ರಲ್ಲಿ ಹೇಗೆ ಕಾಣುತ್ತಿದ್ದವು ಅಂತ ತೋರಿಸಿದ ಕೆಲವೇ ಕೆಲವರಲ್ಲಿ ಇವನೂ ಒಬ್ಬ.

ನನ್ನ ಅಜ್ಜಿಯ ಊರು ಮಾಗಡಿ ಹತ್ತಿರ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದಾಗ ಕಣ್ಣು ಬಿಟ್ಟರೆ ಸಾವನದುರ್ಗವೇ ಕಾಣುತ್ತಿತ್ತು. ಎಷ್ಟೋ ವರ್ಷದ ಮೇಲೆ ಹಳೆಯ ಪುಸ್ತಕವೊಂದರಲ್ಲಿ ಹೋಮ್ ಬರೆದ ಸಾವನದುರ್ಗ ನೋಡಿದೆ. ಅದೇ ಬೋಳು ಬಂಡೆ, ಅದೇ ಬೆನ್ನು. ನಮ್ಮಜ್ಜಿಗಿಂತ, ಅವರ ಅಜ್ಜಿಗಿಂತ ಹಿಂದೆ ಯಾರೋ ದೂರದೇಶದವನು ಅದರ ಮುಂದೆ ಕೂತು ಇಷ್ಟು ಹೊತ್ತು ನೋಡಿದ್ದಾನಲ್ಲ ಅಂತ ಮೈ ಜುಮ್ಮೆಂದಿತು. ಅಲ್ಲಿಂದ ಇವನ ಬೆನ್ನು ಹತ್ತಿದೆ.

ಹಲ್‌ನಿಂದ ಡಬ್ಲಿನ್‌ಗೆ

ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಊರಿನಲ್ಲಿ. ಅಪ್ಪ ಸೈನ್ಯದಲ್ಲಿ ಶಸ್ತ್ರವೈದ್ಯ. ಮನೆತುಂಬ ವೈದ್ಯರು ಅಂತಲೇ ಹೇಳಬೇಕು. ತಮ್ಮ ಎವರಾರ್ಡ್ ಮುಂದೆ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯನಾದ. ಅಕ್ಕ ಆನ್ ಕವಿ. ಅವಳು ಬರೆದ ಹಾಡುಗಳಿಗೆ ಸಂಗೀತ ಹಾಕಿದವನು ಸ್ವತಃ ಯುರೋಪಿನ ಹೆಸರಾಂತ ಸಂಗೀತಗಾರ ಹೈಡನ್. ಅವಳ ಗಂಡ ಜಾನ್ ಹಂಟರ್. ಮನುಷ್ಯರ ದೇಹ, ಪ್ರಾಣಿಗಳ ದೇಹ ಎರಡನ್ನೂ ಕೊಯ್ದು ನೋಡಿ ಶಸ್ತ್ರಚಿಕಿತ್ಸೆಯನ್ನು ವಿಜ್ಞಾನದ ದಾರಿಗೆ ತಂದ ದೊಡ್ಡ ಮನುಷ್ಯ. ಈ ಭಾವನ ಭಾವಚಿತ್ರವನ್ನೂ ಹೋಮ್ ಬರೆದಿದ್ದಾನೆ.

ಇಂಥ ಮನೆಯಿಂದ ಒಬ್ಬ ಕುಂಚ ಹಿಡಿದು ಹೊರಟ. ಲಂಡನ್ನಿನಲ್ಲಿ ಅವನಿಗೆ ಕಲಿಸಿದವರು ಆಂಜೆಲಿಕಾ ಕೌಫ್‌ಮನ್. 1768ರಲ್ಲಿ ರಾಯಲ್ ಅಕಾಡೆಮಿ ಶುರುವಾದಾಗ ಅದರ ಸ್ಥಾಪಕ ಸದಸ್ಯರಲ್ಲಿ ಹೆಂಗಸರು ಇಬ್ಬರೇ, ಅವರಲ್ಲಿ ಈಕೆಯೂ ಒಬ್ಬರು. ಹೋಮ್ ಅಕಾಡೆಮಿಯ ಶಾಲೆಯಲ್ಲೂ ಓದಿದ. ಆಮೇಲೆ ಆ ಕಾಲದ ಎಲ್ಲ ಚಿತ್ರಕಾರರ ಆಸೆಯಂತೆ ರೋಮ್‌ಗೆ ಹೋಗಿ ಕೆಲವು ವರ್ಷ ಇದ್ದ.

ಅಲ್ಲಿಂದ ಬಂದು ನೆಲೆ ನಿಂತದ್ದು ಡಬ್ಲಿನ್‌ನಲ್ಲಿ. ಅಲ್ಲಿನ ಟ್ರಿನಿಟಿ ಕಾಲೇಜು ತನ್ನ ಹಾಲ್‌ಗೆ ಹೆಸರಾಂತ ಹಳೆಯ ವಿದ್ಯಾರ್ಥಿಗಳ ಚಿತ್ರಗಳನ್ನು ಬರೆಸಿತು. ಲೇಖಕ ಜೊನಾಥನ್ ಸ್ವಿಫ್ಟ್, ತತ್ವಜ್ಞಾನಿ ಬರ್ಕ್ಲಿ ಮುಂತಾದವರು. ಸ್ವಿಫ್ಟ್ ತೀರಿಕೊಂಡದ್ದು 1745ರಲ್ಲಿ, ಹೋಮ್ ಹುಟ್ಟುವುದಕ್ಕೂ ಏಳು ವರ್ಷ ಮೊದಲು. ಅಂದರೆ ಇನ್ನೊಬ್ಬರು ಬರೆದಿಟ್ಟದ್ದನ್ನು ನೋಡಿ, ಕಾಣದ ಮುಖವನ್ನು ಬರೆಯಬೇಕಿತ್ತು. ಕೆಲಸ ಅಚ್ಚುಕಟ್ಟಾಗಿದೆ. ಆದರೆ ನನಗೆ ಆ ಚಿತ್ರಗಳಲ್ಲಿ ಜೀವ ಕಾಣಲಿಲ್ಲ. ಎದುರಿಗೆ ಒಂದು ವಸ್ತು ಇದ್ದರೆ ಮಾತ್ರ ಇವನ ಕೈ ಚುರುಕಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಮುಂದೆ ಬರುವ ಚಿತ್ರಗಳಲ್ಲಿ ನೀವೇ ನೋಡಿ.

1787ರಲ್ಲಿ ಗಿಲ್ಬರ್ಟ್ ಸ್ಟುವರ್ಟ್ ಎಂಬ ಅಮೆರಿಕದ ಭಾವಚಿತ್ರಕಾರ ಡಬ್ಲಿನ್‌ಗೆ ಬಂದ. ಮುಂದೆ ಜಾರ್ಜ್ ವಾಷಿಂಗ್ಟನ್ನನ ಚಿತ್ರ ಬರೆದವನು ಇವನೇ, ಅಮೆರಿಕದ ಒಂದು ಡಾಲರ್ ನೋಟಿನ ಮೇಲಿರುವ ಮುಖ ಇವನದೇ ಕೈಚಳಕ. ಅಂಥವನು ಎದುರಿಗೆ ಬಂದ ಮೇಲೆ, 1789ರಲ್ಲಿ, ಹೋಮ್ ಡಬ್ಲಿನ್ ಬಿಟ್ಟ. 1791ರ ಶುರುವಿನಲ್ಲಿ ಮದ್ರಾಸಿನಲ್ಲಿ ಇಳಿದ. ವಯಸ್ಸು ನಲವತ್ತಕ್ಕೆ ಹತ್ತಿರ. ತಿರುಗಿ ಊರಿಗೆ ಹೋಗಿ ನೆಲೆಸಲೇ ಇಲ್ಲ.

ಸೈನ್ಯದ ಜೊತೆ ಬೆಟ್ಟ ಹತ್ತಿದವನು

ಆಗ ಮೂರನೇ ಮೈಸೂರು ಯುದ್ಧ ಜೋರಾಗಿ ನಡೆಯುತ್ತಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡು ನಡೆಸಿಕೊಂಡು ಘಟ್ಟ ಹತ್ತಿದ್ದ. ಆ ಸೈನ್ಯದ ಜೊತೆ ಹೋಗುವ ಅವಕಾಶ ಹೋಮ್‌ಗೆ ಸಿಕ್ಕಿತು.

ಸೈನ್ಯದಲ್ಲಿ ಚಿತ್ರ ಬರೆಯುವವರು ಬೇರೆಯವರೂ ಇದ್ದರು. ಕೋಲ್‌ಬ್ರೂಕ್, ಅಲನ್ ಎಂಬ ಅಧಿಕಾರಿಗಳು ಬರೆದ ಮೈಸೂರು ಸೀಮೆಯ ನೋಟಗಳು ಲಂಡನ್ನಿನಲ್ಲಿ ಅಚ್ಚಾಗಿವೆ. ಅವರು ಸೈನಿಕರು. ಎತ್ತರ, ದಾರಿ, ಗೋಡೆ, ಫಿರಂಗಿ ಇಡುವ ಜಾಗ, ಇವು ಅವರ ಕಣ್ಣಿಗೆ ಮೊದಲು ಬೀಳುತ್ತಿದ್ದವು. ಹೋಮ್ ಚಿತ್ರವನ್ನೇ ನಂಬಿ ಬದುಕಿದವನು. ಅವನು ಮೊದಲು ನೋಡಿದ್ದು ಬಂಡೆಯ ಮೇಲೆ ಬಿದ್ದ ಬೆಳಕನ್ನು.

ಬೆಂಗಳೂರಿನ ಚಿತ್ರಗಳಿಂದ ಶುರು ಮಾಡೋಣ. 1791ರ ಮಾರ್ಚ್ 7ರಂದು ಕಂಪನಿಯವರು ಪೇಟೆಗೆ ನುಗ್ಗಿದರು. ಹಲಸೂರು ಬಾಗಿಲಿನ ಕಡೆಯಿಂದ. ಆಗ ಪೇಟೆಯ ಸುತ್ತ ಆಳವಾದ ಕಂದಕ ಇತ್ತು, ಮುಳ್ಳಿನ ಪೊದೆಯ ದಟ್ಟ ಬೇಲಿ ಇತ್ತು. ಎರಡು ವಾರ ಕಳೆದು ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಇವತ್ತು ಕೆ.ಆರ್. ಮಾರುಕಟ್ಟೆಯ ಪಕ್ಕ ಉಳಿದಿರುವ ಕೋಟೆಯ ತುಂಡಿಗೆ ಹೋದರೆ, ಗೋಡೆಯ ಮೇಲೆ ಆ ದಿನಾಂಕ ಕೆತ್ತಿದ ಕಲ್ಲು ಫಲಕ ಇದೆ. ಬಸ್ಸು, ಹೂವಿನ ಬುಟ್ಟಿ, ಗಾಡಿಗಳ ಗದ್ದಲದಲ್ಲಿ ಅದನ್ನು ಯಾರೂ ನೋಡುವುದಿಲ್ಲ.

ಆ ಕೋಟೆ ಇಡಿಯಾಗಿದ್ದಾಗ ಹೇಗಿತ್ತು? ಹೋಮ್‌ನ ಚಿತ್ರಗಳಲ್ಲಿ ದೆಹಲಿ ಬಾಗಿಲು ಇದೆ, ಕೋಟೆಯೊಳಗಿನ ಟಿಪ್ಪುವಿನ ಅರಮನೆ ಇದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಊರಿನ ಪೂರ್ವಕ್ಕಿರುವ ಒಂದು ಗುಡಿಯಿಂದ ಕಂಡ ಬೆಂಗಳೂರು. ಮುಂದೆ ಸೈಪ್ರಸ್ ಮರಗಳ ತೋಟ, ಅದರಾಚೆ ಊರು. ಇಷ್ಟೇ. ಮಾಲೆ ಮಾಲೆಯಾಗಿ ಕಟ್ಟಡ ತುಂಬಿದ ನಮ್ಮ ಕಣ್ಣಿಗೆ ಅದು ಬೆಂಗಳೂರು ಅಂತ ನಂಬುವುದಕ್ಕೇ ಆಗುವುದಿಲ್ಲ. ಆಕಾಶಕ್ಕೆ ಅರ್ಧಕ್ಕಿಂತ ಜಾಸ್ತಿ ಜಾಗ ಸಿಕ್ಕಿದೆ.

ಇನ್ನೊಂದು ಚಿತ್ರ ಸ್ಮಶಾನದ್ದು. ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಕಂಪನಿಯ ಅಧಿಕಾರಿಗಳ ಗೋರಿಗಳು. ಆ ಗೋರಿಗಳು ಈಗ ಇಲ್ಲ. ಅವು ಇದ್ದವು ಅನ್ನುವುದಕ್ಕೆ ಈ ಚಿತ್ರ ಉಳಿದಿದೆ. ಕೋಟೆಯೊಳಗಿದ್ದು ಸತ್ತ ನಮ್ಮವರ ಗೋರಿಗಳನ್ನು ಯಾರೂ ಬರೆಯಲಿಲ್ಲ. ಇದನ್ನು ಗಮನಿಸಿ. ಚಿತ್ರದಲ್ಲಿ ಇರುವುದರಷ್ಟೇ, ಇಲ್ಲದಿರುವುದೂ ಮುಖ್ಯ.

ಈಗ ಬೆಟ್ಟಗಳಿಗೆ ಬರೋಣ. ಬೆಂಗಳೂರು ಸಿಕ್ಕರೂ ಶ್ರೀರಂಗಪಟ್ಟಣ ಸಿಗಲಿಲ್ಲ. 1791ರ ಮೇ ತಿಂಗಳಲ್ಲಿ ಮಳೆ, ಹಸಿವು, ರೋಗ ಎಲ್ಲ ಸೇರಿ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದು ಹಿಂದಕ್ಕೆ ಬಂದ. ಫಿರಂಗಿ ಎಳೆಯುವುದಕ್ಕೆ ಎತ್ತುಗಳೇ ಉಳಿದಿರಲಿಲ್ಲ. ಮುಂದಿನ ಸಲ ಹೋಗುವಾಗ ದಾರಿಯಲ್ಲಿ ದವಸ ಸಾಗಿಸುವವರಿಗೆ ತೊಂದರೆ ಆಗಬಾರದು. ಅದಕ್ಕೆ ಬೆನ್ನಿಗಿದ್ದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿಯಬೇಕಾಯಿತು. ಅಕ್ಟೋಬರ್ 19ಕ್ಕೆ ನಂದಿದುರ್ಗ. ಡಿಸೆಂಬರ್ 21ಕ್ಕೆ ಸಾವನದುರ್ಗ. ಅದಾದ ಮೂರೇ ದಿನಕ್ಕೆ ಹುತ್ರಿದುರ್ಗ. ಹೀಗೆ ಯುದ್ಧದ ಲೆಕ್ಕಾಚಾರದಿಂದಾಗಿ ನಮ್ಮ ಬೆಟ್ಟಗಳು ಚಿತ್ರಕ್ಕೆ ಬಂದವು.

ಸಾವನದುರ್ಗವನ್ನು ಹೋಮ್ ಒಂದಕ್ಕಿಂತ ಹೆಚ್ಚು ದಿಕ್ಕಿನಿಂದ ಬರೆದಿದ್ದಾನೆ. ಒಮ್ಮೆ ಹೋಗಿ ಬಂದವರಿಗೆ ಗೊತ್ತು, ಅದು ಒಂದೇ ಬೆಟ್ಟ ಅಲ್ಲ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು. ನಡುವೆ ಆಳವಾದ ಸೀಳು. ಕೆಳಗೆ ಕಾಡು. ಹೋಮ್‌ಗೆ ಈ ಹೆಸರುಗಳು ಗೊತ್ತಿದ್ದವೋ ಏನೋ, ಬಂಡೆಯ ಮೈ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು. ಯುರೋಪಿನ ಚಿತ್ರಗಳಲ್ಲಿ ಬೆಟ್ಟ ಅಂದರೆ ಚೂಪು ಶಿಖರ, ಹಿಮ, ಮೋಡ. ಇಲ್ಲಿನ ಬೆಟ್ಟ ಹಾಗಲ್ಲ. ದುಂಡಗೆ, ಬೋಳಾಗಿ, ಮಲಗಿದ ದನದ ಬೆನ್ನಿನ ಹಾಗೆ. ರೋಮ್‌ನಲ್ಲಿ ಕಲಿತದ್ದನ್ನು ಬದಿಗಿಟ್ಟು ಎದುರಿಗೆ ಇದ್ದದ್ದನ್ನು ನೋಡಿದ್ದಾನೆ. ನನ್ನ ಮಟ್ಟಿಗೆ ಇವನ ಅತ್ಯುತ್ತಮ ಕೆಲಸ ಇದೇ.

ಶಿವಗಂಗೆ, ಹುತ್ರಿದುರ್ಗ, ರಾಮಗಿರಿ, ಹೊಸೂರು, ಕೃಷ್ಣಗಿರಿ, ರಾಯಕೋಟೆ ಇವೆಲ್ಲ ಈ ಸಾಲಿನಲ್ಲಿವೆ. ಶ್ರೀರಂಗಪಟ್ಟಣದ ಗುಂಬಜ್, ಅಂದರೆ ಹೈದರ್ ಅಲಿಯ ಗೋರಿಯ ಚಿತ್ರವೂ ಇದೆ. ಅದನ್ನು ನೋಡುವಾಗ ಒಂದು ಸಂಗತಿ ನೆನಪಿರಲಿ. ಗುಂಬಜಿನ ಸುತ್ತ ಇದ್ದ ಲಾಲ್‌ಬಾಗ್ ತೋಟದ ಸೈಪ್ರಸ್ ಮರಗಳನ್ನು ಕಂಪನಿಯವರು ಮುತ್ತಿಗೆಯ ಸಾಮಾನಿಗಾಗಿ ಕಡಿದರು. ಅಲ್ಲಿದ್ದ ಅರಮನೆಯನ್ನು ಆಸ್ಪತ್ರೆ ಮಾಡಿಕೊಂಡರು. ಹೋಮ್ ಬರೆದ ಗುಂಬಜ್ ಶಾಂತವಾಗಿದೆ. ಆ ಶಾಂತಿಯ ಪಕ್ಕದಲ್ಲೇ ಕೊಡಲಿಯ ಸದ್ದು ಇತ್ತು.

ಈ ಚಿತ್ರಗಳು ಜನರ ಕೈಗೆ ಸಿಕ್ಕಿದ್ದು ಹೇಗೆ ಅಂತ ಒಂದು ಮಾತು. ಸ್ಥಳದಲ್ಲಿ ಬರೆದ ಚಿತ್ರಗಳನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸಬೇಕು. ಅಲ್ಲಿ ಕೆತ್ತುವವರು ಅದನ್ನು ತಾಮ್ರದ ಹಲಗೆಯ ಮೇಲೆ ಸೂಕ್ಷ್ಮ ಗೆರೆಗಳಲ್ಲಿ ಕೊರೆಯಬೇಕು. ಅದೂ ಎಡ ಬಲ ತಿರುಗಿಸಿ, ಯಾಕೆಂದರೆ ಅಚ್ಚು ಒತ್ತಿದಾಗ ಅದು ಮತ್ತೆ ತಿರುಗುತ್ತದೆ. ಗೆರೆಯೊಳಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತಬೇಕು. ಹಲಗೆ ಕೊರೆಯುವವನು ಮಾಗಡಿ ಸೀಮೆಯ ಬಂಡೆ ಕಂಡವನಲ್ಲ, ತೆಂಗಿನಮರ ಕಂಡವನೂ ಅಲ್ಲ. ಆದ್ದರಿಂದ ಅಚ್ಚಾದ ಪುಸ್ತಕದಲ್ಲಿ ಕೆಲವು ಮರಗಳು ಇಂಗ್ಲೆಂಡಿನ ಮರಗಳ ಹಾಗೆ ಕಂಡರೆ ಅದಕ್ಕೆ ಹೋಮ್ ಒಬ್ಬನನ್ನೇ ದೂರಬೇಡಿ. 1794ರಲ್ಲಿ ರಾಬರ್ಟ್ ಬೋಯರ್ ಎಂಬ ಪ್ರಕಾಶಕ ಲಂಡನ್ನಿನಲ್ಲಿ ಈ ನೋಟಗಳನ್ನು 29 ಅಚ್ಚುಚಿತ್ರ ಮತ್ತು ನಕ್ಷೆಗಳ ಜೊತೆ ಪುಸ್ತಕವಾಗಿ ಹೊರತಂದ. ಟಿಪ್ಪುವಿನ ನಾಡು ಹೇಗಿದೆ ಅಂತ ನೋಡುವ ಕುತೂಹಲ ಆಗ ಲಂಡನ್ನಿನಲ್ಲಿ ವಿಪರೀತ ಇತ್ತು. 1796ರಲ್ಲಿ ಶ್ರೀರಂಗಪಟ್ಟಣದ ಬಗ್ಗೆಯೇ ಇನ್ನೊಂದು ಚಿತ್ರಪುಸ್ತಕ ಬಂತು.

ಯಾರ ಪಕ್ಕ ನಿಂತು ನೋಡಿದ?

ಮೊದಲು ತೋರಿಸಿದ ಒತ್ತೆಯಾಳು ಮಕ್ಕಳ ಚಿತ್ರಕ್ಕೆ ತಿರುಗಿ ಬರುತ್ತೇನೆ.

ಆ ಘಟನೆಯನ್ನು ಬರೆದ ಬ್ರಿಟಿಷ್ ಚಿತ್ರಕಾರರು ಬಹಳ ಜನ. ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಇಬ್ಬರೂ ಲಂಡನ್ನಿನಲ್ಲೇ ಕೂತು, ಸುದ್ದಿ ಓದಿ ಬರೆದರು. ಆರ್ಥರ್ ಡೇವಿಸ್ ಎಂಬವನು ಕಲ್ಕತ್ತೆಯಿಂದ ಮದ್ರಾಸಿಗೆ ಓಡಿ ಬಂದು ಬರೆದ. ಹೋಮ್ ಮಾತ್ರ ಆ ದಿನ ಅಲ್ಲೇ ಇದ್ದವನು. ಅದಕ್ಕೇ ಅಂಚಿನಲ್ಲಿ ತನ್ನನ್ನು ಬರೆದುಕೊಂಡದ್ದು.

ಅವನ ಚಿತ್ರದಲ್ಲಿ ಮುಖಗಳು ಗುರುತು ಹಿಡಿಯುವ ಹಾಗಿವೆ. ಮಕ್ಕಳ ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರ, ಇವು ಆ ದಿನ ಅಲ್ಲಿದ್ದ ಸೈನಿಕರು ಬರೆದಿಟ್ಟ ವಿವರಗಳಿಗೆ ಹೊಂದುತ್ತವೆ. ಮಕ್ಕಳನ್ನು ಒಪ್ಪಿಸಲು ಬಂದ ಟಿಪ್ಪುವಿನ ವಕೀಲ, ಅಂದರೆ ರಾಯಭಾರಿ, ಗುಲಾಮ್ ಅಲಿಗೆ ನಡೆಯಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು. ಕಾರ್ನ್‌ವಾಲಿಸ್ ಇಬ್ಬರು ಮಕ್ಕಳಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ.

ಚಿತ್ರ ನೋಡಿದರೆ ಏನನಿಸುತ್ತದೆ? ಒಬ್ಬ ತಾತ ಮೊಮ್ಮಕ್ಕಳನ್ನು ಬರಮಾಡಿಕೊಂಡ ಹಾಗಿದೆ, ಅಲ್ವಾ? ಗದ್ದಲ ಇಲ್ಲ, ಕ್ರೌರ್ಯ ಇಲ್ಲ. ಲಂಡನ್ನಿನ ಜನಕ್ಕೆ ಬೇಕಾಗಿದ್ದದ್ದು ಇದೇ. ಗೆದ್ದವರು ಕರುಣಾಳುಗಳು ಅಂತ ಕಾಣಬೇಕು. ಆದರೆ ಅಪ್ಪನಿಂದ ಎರಡು ಮಕ್ಕಳನ್ನು ಕಿತ್ತುಕೊಂಡ ಗಳಿಗೆ ಅದು. ಅವರು ಅಪ್ಪನ ಮುಖ ಮತ್ತೆ ನೋಡಿದ್ದು 1794ರಲ್ಲಿ, ದೇವನಹಳ್ಳಿಯಲ್ಲಿ. ಹೋಮ್ ಸುಳ್ಳು ಬರೆದಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಬಟ್ಟೆ, ಮುಖ, ಗುಡಾರ ಎಲ್ಲ ನಿಜ. ಆದರೆ ಅವನು ನಿಂತ ಜಾಗದಿಂದ ಆ ಕಡೆಯ ನೋವು ಕಾಣುತ್ತಿರಲಿಲ್ಲ. ನಿಂತ ಜಾಗವೇ ಚಿತ್ರದ ಅರ್ಧ ಅರ್ಥವನ್ನು ತೀರ್ಮಾನಿಸಿಬಿಡುತ್ತದೆ.

ಇದು ನಿಮಗೆ ಇನ್ನೂ ಚೆನ್ನಾಗಿ ಗೊತ್ತಾಗಬೇಕಾದರೆ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿ. ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರು ಕಾಳಗದ ಚಿತ್ರ ಇದೆ. 1780ರಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ಪಡೆಯನ್ನು ಪುಡಿ ಮಾಡಿದ ಕಾಳಗ. ಅಲ್ಲಿ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತಿದ್ದಾನೆ, ಬೆರಳು ಬಾಯಿಗಿಟ್ಟಿದ್ದಾನೆ. ಮದ್ದಿನ ಗಾಡಿ ಸಿಡಿಯುತ್ತಿದೆ. ಟಿಪ್ಪು ಹೂವಿನ ವಾಸನೆ ನೋಡುತ್ತಾ ನೆಮ್ಮದಿಯಾಗಿ ಬರುತ್ತಿದ್ದಾನೆ. ಅದನ್ನು ಬರೆದವರು ಚಿತ್ರದಲ್ಲಿ ಎಲ್ಲೂ ತಮ್ಮನ್ನು ಸೇರಿಸಿಕೊಳ್ಳಲಿಲ್ಲ. ಹೆಸರೂ ಬರೆದಿಡಲಿಲ್ಲ. ಹೋಮ್‌ನ ಚಿತ್ರದಲ್ಲಿ ಎಲ್ಲ ಒಂದೇ ಕಡೆಯಿಂದ, ಒಂದೇ ಗಳಿಗೆಯಲ್ಲಿ ಕಂಡದ್ದು. ಈ ಗೋಡೆಯ ಮೇಲೆ ಇಡೀ ಕಾಳಗ ಒಟ್ಟೊಟ್ಟಿಗೆ ನಡೆಯುತ್ತಿದೆ, ಕಣ್ಣು ಎಲ್ಲಿ ಬೇಕಾದರೂ ಓಡಾಡಬಹುದು. ಎರಡನ್ನೂ ಒಟ್ಟಿಗಿಟ್ಟು ನೋಡಿ ಅಂತ ನನ್ನ ಆಸೆ. ಒಂದೇ ಜಗಳದ ಎರಡು ಮನೆಯವರ ಮಾತು ಕೇಳಿದ ಹಾಗಾಗುತ್ತದೆ.

ಯುದ್ಧದ ಇನ್ನೊಂದು ದೊಡ್ಡ ಚಿತ್ರವನ್ನೂ ಹೋಮ್ ಬರೆದ. ಬೆಂಗಳೂರು ಪೇಟೆಯ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸ್‌ನದು. ಸಾಯುತ್ತಿರುವ ಅಧಿಕಾರಿಯನ್ನು ಜೊತೆಗಾರರು ಹಿಡಿದುಕೊಂಡಿದ್ದಾರೆ, ಹಿಂದೆ ಬಾಗಿಲು, ಹೊಗೆ. ಇದರ ಜೋಡಣೆ ಅವನದೇ ಅಲ್ಲ. ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ಜನರಲ್ ವುಲ್ಫ್‌ನ ಸಾವಿನ ಚಿತ್ರ ಬ್ರಿಟನ್ನಿನಲ್ಲಿ ಭಾರಿ ಹೆಸರು ಮಾಡಿತ್ತು. ಆಮೇಲೆ ಯಾವ ಸೇನಾನಿ ಸತ್ತರೂ ಅದೇ ಭಂಗಿ. ಇತಿಹಾಸಕ್ಕೆ ಈ ಚಿತ್ರ ಬೇಕು. ಚಿತ್ರವಾಗಿ ನನಗೆ ಅದು ಅಷ್ಟು ಹಿಡಿಸಲಿಲ್ಲ. ಒತ್ತೆಯಾಳು ಮಕ್ಕಳ ಚಿತ್ರ, ಈ ಸಾವಿನ ಚಿತ್ರ ಎರಡೂ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿವೆ.

ಕಲ್ಕತ್ತೆಯ ಹತ್ತೊಂಬತ್ತು ವರ್ಷ

1795ರಲ್ಲಿ ಹೋಮ್ ಕಲ್ಕತ್ತೆಗೆ ಹೋದ. ಅಲ್ಲಿದ್ದ ಹೆಸರಾಂತ ಚಿತ್ರಕಾರ ಜೊಫನಿ ಆಗಲೇ ಊರಿಗೆ ಹೋಗಿದ್ದ. ಡೇವಿಸ್ ಕೂಡ ಅದೇ ವರ್ಷ ಹೊರಟ. ರಾಜಧಾನಿಯಲ್ಲಿ ಒಳ್ಳೆಯ ಭಾವಚಿತ್ರಕಾರ ಅಂದರೆ ಇವನೇ ಅನ್ನುವ ಹಾಗಾಯಿತು. ಅಧಿಕಾರಿಗಳು, ವ್ಯಾಪಾರಿಗಳು, ನ್ಯಾಯಾಧೀಶರು ಸಾಲಾಗಿ ಬಂದರು. ತಲೆ ಮಾತ್ರ ಬೇಕೋ, ಸೊಂಟದವರೆಗೆ ಬೇಕೋ, ಪೂರ್ತಿ ಆಳು ಬೇಕೋ, ಅದರ ಮೇಲೆ ಬೆಲೆ. ಯಾರು ಬಂದು ಕೂತರು ಅಂತ ಲೆಕ್ಕದ ಪುಸ್ತಕವನ್ನೂ ಇಟ್ಟಿದ್ದ.

ಅವರಲ್ಲಿ ಒಬ್ಬನ ಹೆಸರು ಹೇಳಲೇಬೇಕು. ಆರ್ಥರ್ ವೆಲ್ಲೆಸ್ಲಿ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಆಡಳಿತ ನಡೆಸಿ, ದರಿಯಾ ದೌಲತ್‌ನಲ್ಲೇ ವಾಸ ಮಾಡಿ, ಅಲ್ಲಿನ ಗೋಡೆಯ ಕಾಳಗದ ಚಿತ್ರವನ್ನು ಸರಿಪಡಿಸಿದವನು. 1804ರಲ್ಲಿ ಹೋಮ್ ಅವನನ್ನು ಬರೆದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸುವ ಮನುಷ್ಯ ಆಗ ಇನ್ನೂ ಮೂವತ್ತೈದರ ಮೇಜರ್ ಜನರಲ್. ಕೆಂಪು ಕೋಟು, ಚೂಪು ಮೂಗು. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅವನಣ್ಣ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯನ್ನೂ ಹೋಮ್ ಬರೆದಿದ್ದಾನೆ.

ಈ ಭಾವಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದರೆ ಆಯಾಸವಾಗುತ್ತದೆ. ಅದೇ ಕಂಬ, ಅದೇ ಪರದೆ. ಆದರೆ ಕಲ್ಕತ್ತೆಯಲ್ಲಿ ಅವನು ಇನ್ನೊಂದು ಬದುಕನ್ನೂ ಬಾಳಿದ, ಅದು ನನಗೆ ಹೆಚ್ಚು ಹತ್ತಿರ. 1784ರಲ್ಲಿ ಶುರುವಾಗಿದ್ದ ಏಷಿಯಾಟಿಕ್ ಸೊಸೈಟಿಯ ಸದಸ್ಯನಾದ. ಕಾರ್ಯದರ್ಶಿಯಾದ. 1804ರಲ್ಲಿ ಅದರ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ ಕೆಲಸ ವಹಿಸಿಕೊಂಡ. ಆ ಜವಾಬ್ದಾರಿ ಹೊತ್ತವರಲ್ಲಿ ಇವನೇ ಮೊದಲಿಗ. ತನ್ನಲ್ಲಿದ್ದ ಕಲಾಕೃತಿಗಳನ್ನು ಸೊಸೈಟಿಗೆ ಕೊಟ್ಟ. ಬಿಡುವಿನಲ್ಲಿ ಈ ದೇಶದ ಪ್ರಾಣಿ, ಪಕ್ಷಿ, ಹಾವು, ಹಲ್ಲಿಗಳನ್ನು ಜಲವರ್ಣದಲ್ಲಿ ಬರೆದ. ಅಂಗರಚನೆಯೇ ಉಸಿರಾಗಿದ್ದ ಮನೆಯಲ್ಲಿ ಬೆಳೆದವನಲ್ಲವೇ? ಪ್ರಾಣಿಗೆ ಕಂಬ ಪರದೆ ಬೇಕಿಲ್ಲ, ಇದ್ದ ಹಾಗೇ ಬರೆದರೆ ಸಾಕು. ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಲಖನೌದ ಕಿರೀಟ

1814ರಲ್ಲಿ, ಅರವತ್ತು ದಾಟಿದ ಮೇಲೆ, ಹೋಮ್ ಮತ್ತೆ ಗಂಟುಮೂಟೆ ಕಟ್ಟಿದ. ಔಧ್‌ನ ಹೊಸ ನವಾಬ ಗಾಜಿಉದ್ದೀನ್ ಹೈದರ್‌ನ ಆಸ್ಥಾನ ಚಿತ್ರಕಾರನಾಗಿ ಲಖನೌಗೆ ಹೊರಟ.

1819ರಲ್ಲಿ ಆ ನವಾಬ ಕಂಪನಿಯ ಪ್ರೋತ್ಸಾಹದಿಂದ ತನ್ನನ್ನು ಪಾದಶಹ ಅಂತ ಘೋಷಿಸಿಕೊಂಡ. ಅಷ್ಟು ದಿನ ಔಧ್‌ನವರು ಹೆಸರಿಗಾದರೂ ದೆಹಲಿಯ ಮೊಗಲ್ ದೊರೆಯ ಕೈಕೆಳಗಿನವರು. ಆ ದಾರ ಕಡಿಯಲಿ ಅಂತ ಕಂಪನಿಗೂ ಇತ್ತು. ಹೊಸ ರಾಜ ಅಂದಮೇಲೆ ಹೊಸ ಕಿರೀಟ ಬೇಕು, ಸಿಂಹಾಸನ ಬೇಕು, ಸಾರೋಟು, ಅಂಬಾರಿ, ದೋಣಿ ಎಲ್ಲ ಬೇಕು. ಇವುಗಳ ವಿನ್ಯಾಸ ಮಾಡಿದವನು ಹೋಮ್. ಆ ಹಾಳೆಗಳ ಆಲ್ಬಂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಅವುಗಳನ್ನು ನೋಡುವುದೇ ಒಂದು ಖುಷಿ. ಕಾಲೇಜಿನ ಗೋಡೆಗೆ ಗಂಭೀರ ಮುಖಗಳನ್ನು ಬರೆದವನು ಇವನೇನಾ ಅನಿಸುತ್ತದೆ. ಇಂಗ್ಲೆಂಡಿನ ಸಾರೋಟಿನ ಕಟ್ಟು, ಅದರ ಮೇಲೆ ಲಖನೌದ ಮೈತುಂಬ ಒಡವೆ ಹಾಕಿಕೊಳ್ಳುವ ಗುಣ. ಎರಡು ಮೀನು ಔಧ್‌ನ ಲಾಂಛನ. ಈ ಕೆಲಸವನ್ನು ಬಹಳ ಜನ ಆಡಂಬರ ಅಂತ ತಳ್ಳಿಹಾಕುತ್ತಾರೆ. ನನಗೆ ಹಾಗನಿಸುವುದಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ ಚಿನ್ನ ಹೇಗೆ ಬಾಗುತ್ತದೆ, ಆನೆಯ ಬೆನ್ನಿಗೆ ಅಂಬಾರಿ ಹೇಗೆ ಕೂರುತ್ತದೆ, ಇದನ್ನೆಲ್ಲ ಹೊಸದಾಗಿ ಕಲಿತಿದ್ದಾನೆ. ಲಖನೌದ ಅಕ್ಕಸಾಲಿಗರು, ಬಡಗಿಗಳು ಜೊತೆಗಿಲ್ಲದೆ ಇದು ಆಗುವ ಮಾತಲ್ಲ. ಅವರ ಹೆಸರುಗಳೂ ನಮಗೆ ಸಿಗಬೇಕಿತ್ತು.

1824ರಲ್ಲಿ ಕಲ್ಕತ್ತೆಯ ಬಿಷಪ್ ಹೀಬರ್ ಲಖನೌಗೆ ಬಂದ. ಹೋಮ್ ಅವನ ಚಿತ್ರ ಬರೆದ. ಹೀಬರ್ ತನ್ನ ದಿನಚರಿಯಲ್ಲಿ ಈ ಮುದುಕನ ಬಗ್ಗೆ ಬರೆದಿಟ್ಟಿದ್ದಾನೆ. ಹೋಮ್ ಯುರೋಪಿನಲ್ಲೇ ಉಳಿದಿದ್ದರೆ ಹೆಸರಾಂತ ಕಲಾವಿದನಾಗುತ್ತಿದ್ದ, ಕೈ ಚುರುಕು, ಗೆರೆ ಚೆನ್ನ ಅನ್ನುತ್ತಾನೆ. ಆದರೆ ಇಲ್ಲಿ ನೋಡಿ ಕಲಿಯುವುದಕ್ಕೆ ಅವನಿಗೆ ತನ್ನ ಚಿತ್ರಗಳನ್ನು ಬಿಟ್ಟು ಬೇರೆ ಇರಲಿಲ್ಲ, ರಾಜನ ಮನಸ್ಸಿಗೆ ಹಿಡಿಸಲು ಬಣ್ಣವನ್ನು ಹೊಳೆಹೊಳೆಯುವಂತೆ ಹಚ್ಚಬೇಕಾಗಿತ್ತು ಅಂತಲೂ ಹೇಳುತ್ತಾನೆ. ರಾಜನನ್ನು ಎಷ್ಟು ಸಲ ಬರೆದರೂ ಹರೆಯದವನಂತೆ, ವಜ್ರಗಳಿಂದ ಮಿನುಗುವಂತೆ ಬರೆಯಬೇಕಾಗಿತ್ತಂತೆ.

ಹೀಬರ್‌ನ ಮಾತಿನ ಮೊದಲರ್ಧ ನಾನು ಒಪ್ಪುವುದಿಲ್ಲ. ಯುರೋಪಿನಲ್ಲಿ ಉಳಿದಿದ್ದರೆ ಹೋಮ್ ಅಲ್ಲಿನ ನೂರಾರು ಭಾವಚಿತ್ರಕಾರರಲ್ಲಿ ಒಬ್ಬನಾಗಿರುತ್ತಿದ್ದ, ಅಷ್ಟೇ. ಸಾವನದುರ್ಗ ಅವನಿಗೆ ಸಿಗುತ್ತಿರಲಿಲ್ಲ. ಉಳಿದರ್ಧ ಮಾತ್ರ ಎದೆಗೆ ತಾಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ತನ್ನದೇ ಕೈಕೆಲಸ ಬಿಟ್ಟರೆ ಹೋಲಿಸಿಕೊಳ್ಳಲು ಇನ್ನೊಂದಿಲ್ಲ. ಪಕ್ಕದಲ್ಲೇ ಲಖನೌದ ಚಿತ್ರಕಾರರ ದೊಡ್ಡ ಪರಂಪರೆ ಇತ್ತು. ಅದು ಹೀಬರ್‌ನ ಕಣ್ಣಿಗೆ ಬೀಳಲೇ ಇಲ್ಲ.

1827ರಲ್ಲಿ ಗಾಜಿಉದ್ದೀನ್ ತೀರಿಕೊಂಡ. ಹೋಮ್ ಕಾನ್ಪುರಕ್ಕೆ ಹೋಗಿ ನೆಲೆಸಿದ. 1834ರಲ್ಲಿ ಅಲ್ಲೇ ಕಣ್ಣು ಮುಚ್ಚಿದ.

ಆಮೇಲಿನ ಪ್ರಶ್ನೆಗಳು

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು: "ನಮ್ಮನ್ನು ಗೆದ್ದವರ ಕಡೆಯವನು. ಅವನ ಚಿತ್ರ ನೋಡಿ ನಾವು ಯಾಕೆ ಸಂತೋಷ ಪಡಬೇಕಮ್ಮಾ?" ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಸಂತೋಷ ಪಡಲೇಬೇಕು ಅಂತಿಲ್ಲ ಸರ್. ಆದರೆ ಬೆಂಗಳೂರು ಕೋಟೆ ಹೋಯಿತು, ಪೇಟೆಯ ಕಂದಕ ಹೋಯಿತು, ಆ ತೋಟವೂ ಹಾಗೇ ಉಳಿದಿಲ್ಲ. ಅವು ಎದುರಿಗಿದ್ದಾಗ ಕೂತು ಬರೆದ ಕೈ ಇವನದು. ಅದನ್ನು ಬಿಟ್ಟುಕೊಡುವುದಕ್ಕೆ ನನಗೆ ಮನಸ್ಸಿಲ್ಲ. ಅವನು ಎಲ್ಲಿ ನಿಂತಿದ್ದ ಅನ್ನುವುದನ್ನು ಮರೆಯದೆ ಬಳಸಿಕೊಂಡರಾಯಿತು. ಅವರು ಸ್ವ‌ಲ್ಪ ಹೊತ್ತು ಸುಮ್ಮನಿದ್ದು, "ಕೋಟೆಯೊಳಗಿದ್ದವರದ್ದೂ ಯಾರಾದರೂ ಬರೆದಿದ್ದರೆ ಚೆನ್ನಾಗಿತ್ತು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಲೇಜು ಓದುವ ಹುಡುಗಿಯೊಬ್ಬಳು ಕೇಳಿದಳು: "ಅವನು ಸಾವನದುರ್ಗ ಬರೆದ ಜಾಗಕ್ಕೆ ಹೋಗಿ ನಾವೂ ಬರೆಯಬಹುದಾ?" ಖಂಡಿತ ಬರೆಯಬಹುದು. ಬೆಟ್ಟದ ಉತ್ತರಕ್ಕೆ, ಮಾಗಡಿ ಕಡೆಗೆ ಹೋಗಿ. ಹೋಮ್‌ನ ಅಚ್ಚುಚಿತ್ರದ ಒಂದು ಪ್ರತಿ ಜೊತೆಗಿಟ್ಟುಕೊಳ್ಳಿ. ಕರಿಗುಡ್ಡ ಬಿಳಿಗುಡ್ಡಗಳ ನಡುವಿನ ಸೀಳು ಚಿತ್ರದಲ್ಲಿ ಇರುವ ಹಾಗೆ ಕಾಣುವವರೆಗೆ ಹೊಲದ ಬದುವಿನ ಮೇಲೆ ಅತ್ತಿತ್ತ ಓಡಾಡಿ. ಹೊಲದವರನ್ನು ಒಂದು ಮಾತು ಕೇಳಿ ಕೂರಿ. ಬೆಳಗ್ಗೆ ಬೇಗ ಹೊರಡಿ, ಒಂಬತ್ತು ಗಂಟೆಯ ಮೇಲೆ ಬಂಡೆಯ ಮೇಲಿನ ನೆರಳೆಲ್ಲ ಮಾಯವಾಗುತ್ತದೆ.